ಸದ್ದು ಸಾಯುವ ದಿಕ್ಕು

೧೯೪೩, ನವೆಂಬರ್ ೮, ಸೋಮವಾರ

ನನ್ನ ಅಕ್ಷರ ಕೆಟ್ಟದ್ದು. ಕಾಗುಣಿತವೂ ಅಷ್ಟಕ್ಕಷ್ಟೆ, ಒತ್ತಕ್ಷರ ಬಂದ ಕಡೆ ಕೈ ಹೆದರುತ್ತದೆ. ಜಾವಳಿ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ನಿಂತವಳಿಂದ ಇದಕ್ಕಿಂತ ಹೆಚ್ಚು ಆಗುವುದಿಲ್ಲ. ಇದನ್ನು ಓದುವವಳು ನಾನೊಬ್ಬಳೇ. ಆದರೂ ತಪ್ಪಾಯಿತು ಎಂದು ಮೊದಲೇ ಹೇಳಿಬಿಟ್ಟರೆ ಆಮೇಲೆ ಧೈರ್ಯವಾಗಿ ತಪ್ಪು ಮಾಡಬಹುದು.

ನಮ್ಮ ರೇಡಿಯೋ ಊಳಿಡುತ್ತಿದೆ. ಮನೆಯಲ್ಲಿ ಈಗ ಬೇರೆ ಮಾತೇ ಇಲ್ಲ.

ನಮ್ಮ ಮನೆಯವರು ಮಿಲಿಟರಿಯಲ್ಲಿ ಗುಮಾಸ್ತರ ಕೆಲಸಕ್ಕೆ ಸೇರಿ ಸಿಂಗಾಪುರಕ್ಕೆ ಹೋದದ್ದು ನಮ್ಮ ಮದುವೆಯಾದ ಮೂರನೇ ತಿಂಗಳಲ್ಲಿ. ಸಿಂಗಾಪುರ ಜಪಾನಿನವರ ಕೈಗೆ ಹೋದ ಮೇಲೆ ಇದ್ದಾರೆ ಎಂದೂ ಸುದ್ದಿಯಿಲ್ಲ, ಇಲ್ಲ ಎಂದೂ ಸುದ್ದಿಯಿಲ್ಲ. ಸೆರೆ ಸಿಕ್ಕವರ ಹೆಸರನ್ನು ಆ ಕಡೆಯ ರೇಡಿಯೋದಲ್ಲಿ ಸಂಜೆ ಹೊತ್ತು ಓದುತ್ತಾರೆ ಎಂದು ಯಾರೋ ಹೇಳಿದ್ದಕ್ಕೆ ಮಾವ ಚಿಕ್ಕಮಗಳೂರಿಗೆ ಹೋಗಿ ರೇಡಿಯೋ ತಂದರು. ಶತ್ರುಗಳ ರೇಡಿಯೋ ಕೇಳುವುದು ಸರ್ಕಾರಕ್ಕೆ ಆಗದು ಎಂದು ಅತ್ತೆ ಹೆದರಿದರೆ, "ಲೈಸೆನ್ಸ್ ಇರೋ ಪೆಟ್ಟಿಗೆ ಕಣೆ ಇದು. ಏನು ಬೇಕಾದ್ರೂ ಕೇಳಬಹುದು" ಎಂದರು. ಹಾಗೆಂದವರು ಎದ್ದು ಹೋಗಿ ಕಿಟಕಿ ಮುಚ್ಚಿದರು.

ದೀಪಾವಳಿವರೆಗೆ ಚೆನ್ನಾಗಿ ಕೇಳುತ್ತಿತ್ತು. ಮಾವ ಜಗಲಿಯಲ್ಲಿ ಪೆಟ್ಟಿಗೆಗೆ ಕಿವಿ ಕೊಟ್ಟು ಕೂರುತ್ತಿದ್ದರು, ಪಕ್ಕದಲ್ಲಿ ಅತ್ತೆ. ನಾನು ಬಾಗಿಲ ಹಿಂದೆ ನಿಲ್ಲುತ್ತಿದ್ದೆ. ಭಾಷೆ ತಿಳಿಯದಿದ್ದರೂ ಹೆಸರುಗಳು ಹೆಸರುಗಳೇ ತಾನೆ. ಈಗ ಹೆಸರು ಓದಲು ತೊಡಗಿದ ಕೂಡಲೇ ಊಂಯ್ ಎಂದು ಒಂದು ಕೂಗು ಏಳುತ್ತದೆ. ಹೆಸರು ಮುಗಿಯುವವರೆಗೆ ಅದೂ ಮುಗಿಯುವುದಿಲ್ಲ. ಬೇಕೆಂದೇ ಕಾದು ಕೂತವರ ಹಾಗೆ.

ನವೆಂಬರ್ ೧೦, ಬುಧವಾರ

ಕೂಗಿಗೆ ಎಲ್ಲರೂ ಒಂದೊಂದು ಕಾರಣ ಹುಡುಕಿದ್ದಾರೆ. ಅತ್ತೆಗೆ ಅದು ದೃಷ್ಟಿ. ರೇಡಿಯೋಗೆ ಮೆಣಸಿನಕಾಯಿ ನಿವಾಳಿಸಿದರು. ಎಲ್ಲರಿಗೂ ಕೆಮ್ಮು ಬಂತು, ರೇಡಿಯೋ ಊಳಿಡುತ್ತಲೇ ಇತ್ತು. ನಮ್ಮ ಕಾಫಿತೋಟದ ಮೇಸ್ತ್ರಿ ಜವರಯ್ಯ ಹೇಳುವುದು, ಜಪಾನಿನವರು ಕುದುರೆಮುಖದ ನೆತ್ತಿ ಮೇಲೆ ಕೂತು ಶಂಖ ಊದುತ್ತಿದ್ದಾರೆ.

"ಹೆಸರು ಓದೋರೂ ಅವರೇ, ಊದೋರೂ ಅವರೇನಾ ಮಾರಾಯ?" ಎಂದರು ಮಾವ.

"ಅವರಲ್ಲೂ ಎರಡು ಪಾರ್ಟಿ ಇರ್ತದೆ ಅಲ್ಲನಾ ಸಾವ್ಕಾರ್ರೆ. ನಮ್ಮಲ್ಲಿ ಇಲ್ವಾ?"

ಮಾವ ಹಳ್ಳದ ಕಡೆ ನೋಡಿದರು. ಹಳ್ಳದ ಆಚೆ ಅವರ ಸ್ವಂತ ತಮ್ಮ, ಅಂದರೆ ಚಿಕ್ಕಮಾವ ಕೃಷ್ಣಪ್ಪನವರ ಮನೆಯಿದೆ. ಪಲ್ಪರ್ ಮನೆಗೆ ನೀರು ಬರುವ ಕಾಲುವೆ ಯಾರದ್ದು ಎಂದು ಜಗಳವಾಗಿ ಏಳು ವರ್ಷದಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ನಾನು ಮದುವೆಯಾಗಿ ಬಂದವಳು ಆ ಮನೆಯ ಹೊಗೆ ಮಾತ್ರ ನೋಡಿದ್ದೇನೆ.

ಮಾವನಿಗೆ ಅನುಮಾನ ಬಂದದ್ದು ಪಲ್ಪರ್ ತಿರುಗಿಸುವ ನಮ್ಮದೇ ಎಂಜಿನ್ ಮೇಲೆ. ಈಗ ಹಣ್ಣಿನ ಕಾಲ. ಹಗಲು ಕುಯ್ದ ಕಾಫಿಹಣ್ಣನ್ನು ಅವತ್ತೇ ಸಂಜೆ ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸಬೇಕು, ರಾತ್ರಿ ಇಟ್ಟರೆ ಹುಳಿಯುತ್ತದೆ. ರೇಡಿಯೋ ಹೊತ್ತಿಗೇ ಹಳ್ಳದ ದಂಡೆಯಲ್ಲಿ ಎಂಜಿನ್ ಹೊಡೆದುಕೊಳ್ಳುತ್ತಿರುತ್ತದೆ. ನಿನ್ನೆ ಇಡೀ ಸಂಜೆ ಅದನ್ನು ನಿಲ್ಲಿಸಿದರು. ಹಣ್ಣು ಹುಳಿಯಿತು, ಜವರಯ್ಯ ಅಳುವುದೊಂದು ಬಾಕಿ. ಊಂಯ್ ಮಾತ್ರ ಇದ್ದ ಹಾಗೇ ಇತ್ತು.

"ಇದು ಮನುಷ್ಯರ ಕೆಲಸವೇ" ಎಂದರು ಮಾವ. "ಯಾರೋ ಲೈಸೆನ್ಸ್ ಇಲ್ಲದೆ ಕಳ್ಳ ಪೆಟ್ಟಿಗೆ ಇಟ್ಟಿದಾನೆ. ಸಿಗಲಿ, ಅಮಲ್ದಾರರಿಗೆ ಹಿಡಿದು ಕೊಡ್ತೀನಿ. ಯುದ್ಧದ ಕಾನೂನು, ಜೈಲಿಗೆ ಹೋಗ್ತಾನೆ. ನನ್ನ ಮಗನ ಹೆಸರಿಗೆ ಅಡ್ಡ ಬಂದವನು ದೇವರೇ ಆದ್ರೂ ಬಿಡೋದಿಲ್ಲ."

ಅತ್ತೆ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಳ್ಳಬೇಕಿತ್ತು ಎಂದು ಆಮೇಲೆ ಅನ್ನಿಸಿತು. ಸಿಂಗಾಪುರಕ್ಕೆ ಹೋದವರ ಮುಖ ನೆನಪು ಮಾಡಿಕೊಳ್ಳಲು ನೋಡುತ್ತೇನೆ, ಅವರ ಕೆಮ್ಮು ಮಾತ್ರ ನೆನಪಾಗುತ್ತದೆ.

ನವೆಂಬರ್ ೧೩, ಶನಿವಾರ

ಚಿಕ್ಕಮಗಳೂರಿನಿಂದ ರೇಡಿಯೋ ರಿಪೇರಿಯ ಗುರುವಯ್ಯ ಬಂದಿದ್ದಾನೆ. ಬಾಯಿಗೆ ಬ್ರೇಕಿಲ್ಲದ ಮನುಷ್ಯ. ಅವನ ಹತ್ತಿರ ಹೊತ್ತು ಒಯ್ಯುವ ಒಂದು ಪೆಟ್ಟಿಗೆ, ಕಿವಿಗೆ ಹಾಕುವ ಹೆಡ್‌ಫೋನು, ಜೊತೆಗೆ ಅಂಚಿಗೆಲ್ಲ ತಾಮ್ರದ ತಂತಿ ಸುತ್ತಿದ ಮರದ ಚೌಕಟ್ಟು.

ಸಂಜೆ ಹೆಸರಿನ ಹೊತ್ತಿಗೆ ಆ ಚೌಕಟ್ಟನ್ನು ನಿಧಾನ ತಿರುಗಿಸುತ್ತ ಹೋದರೆ ಕಿವಿಯಲ್ಲಿ ಕೂಗು ಏರುತ್ತದೆ, ಇಳಿಯುತ್ತದೆ. "ಜೋರಾಗಿರೋ ಕಡೆ ಹುಡುಕಬಾರದು ತಾಯಿ" ಎಂದ. "ಜೋರು ಎಲ್ಲಾ ಕಡೆ ಜೋರೇ. ಎಲ್ಲಿ ಪೂರ್ತಿ ಸಾಯ್ತದೋ, ಆಗ ಚೌಕಟ್ಟಿನ ಮುಖ ಕಳ್ಳನ ಕಡೆ ಇದೆ ಅಂತ. ಆದ್ರೆ ಮುಂದಿದಾನೋ ಬೆನ್ನ ಹಿಂದಿದಾನೋ ಗೊತ್ತಾಗೋದಿಲ್ಲ. ಅದಕ್ಕೆ ಇನ್ನೊಂದು ಜಾಗದಿಂದ ನೋಡಬೇಕು. ಎರಡು ಗೆರೆ ಕೂಡಿದ ಕಡೆ ಕಳ್ಳ."

ಕೇಳುವವರು ಒಬ್ಬರು, ತಿರುಗಿಸುವವರು ಒಬ್ಬರು ಇದ್ದರೆ ಸುಲಭವಂತೆ. ಮಾವನ ಕಿವಿ ಮಂದ. ಅತ್ತೆ ತಲೆಗೆ ಕಬ್ಬಿಣ ತಾಗಿಸುವುದಿಲ್ಲ ಎಂದರು. ಜವರಯ್ಯ ಹಾಕಿಕೊಂಡು "ಶಂಖವೇ" ಎಂದ. ಕಡೆಗೆ ಬಾಗಿಲ ಹಿಂದಿದ್ದ ನನ್ನನ್ನು ಕರೆದರು. ಮಾವನ ಎದುರೇ ಅಂಗಳಕ್ಕೆ ಇಳಿದೆ. ಅವರ ಎದುರು ನಾನು ಮಾತಾಡಿದವಳಲ್ಲ. ಹೇಳುವುದಿದ್ದರೆ ಅತ್ತೆಗೆ ಹೇಳುತ್ತೇನೆ, ಅತ್ತೆ ಅವರಿಗೆ ದಾಟಿಸುತ್ತಾರೆ, ಅಷ್ಟರಲ್ಲಿ ಅದು ಅತ್ತೆಯ ಮಾತಾಗಿರುತ್ತದೆ.

ಚೌಕಟ್ಟು ತಿರುಗುತ್ತ ಹೋಗಿ ಕೂಗು ಸತ್ತ ಕ್ಷಣ ಕೈ ಎತ್ತಿದೆ. ಗುರುವಯ್ಯ ಆ ಗೆರೆಗೆ ಎರಡು ಬಿದಿರುಗೂಟ ನೆಟ್ಟು, ಅದರ ನೇರಕ್ಕೆ ಕಣ್ಣಿಟ್ಟು ಹಳ್ಳದಾಚೆ ನೋಡಿದ. ಬೆಳಗಿನಿಂದ ಮುಚ್ಚದ ಬಾಯಿ ಮುಚ್ಚಿತು.

"ಗೆರೆ ಬೆನ್ನ ಹಿಂದೂ ಹೋಗ್ತದೆ ಸಾವ್ಕಾರ್ರೆ, ಮೂಡಿಗೆರೆ ಕಡೆ" ಎಂದ ಆಮೇಲೆ. "ಅಲ್ಲಿ ಅಮಲ್ದಾರ್ ಕಚೇರಿನೇ ಇದೆ. ದೊಡ್ಡೋರ ವಿಷಯ. ಅವಸರ ಬೇಡ."

ನವೆಂಬರ್ ೧೪

ಪಾಪ, ಗುರುವಯ್ಯನಿಗೆ ಜ್ವರ. ಕಂಬಳಿ ಹೊದ್ದು ಹೊರಕೋಣೆಯಲ್ಲಿ ಮಲಗಿದ್ದಾನೆ. ಮಲೆನಾಡಿನ ನೀರು ಹಿಡಿಸಲಿಲ್ಲವಂತೆ. ಅತ್ತೆ ಕ್ವಿನೈನ್ ಕೊಟ್ಟರು, ಕಷಾಯ ಕೊಟ್ಟರು. ಮೂರು ಹೊತ್ತು ಗಂಜಿ ಕುಡಿದು ನರಳುತ್ತಾನೆ. ಮೈ ಮಾತ್ರ ತಣ್ಣಗಿದೆ. ಒಳಜ್ವರ ಇರಬೇಕು.

ನವೆಂಬರ್ ೧೬, ಮಂಗಳವಾರ

ಎರಡನೇ ಗೆರೆ ನಾನೇ ಹಾಕಿದೆ.

ಮಾವ ಅತ್ತೆಗೆ ಹೇಳಿದರು, ಅತ್ತೆ ನನಗೆ ಹೇಳಿದರು, ಜೊತೆಗೆ ತೋಟದ ಹುಚ್ಚಮ್ಮನನ್ನು ಕಳಿಸಿದರು. ಅವಳು ಸಿಂಬಿ ಇಟ್ಟು ಪೆಟ್ಟಿಗೆ ಹೊತ್ತಳು.

"ಇದರೊಳಗೆ ಯಾರಿದಾರೆ ಸಣ್ಣಮ್ಮಾರೆ, ಇಷ್ಟು ಭಾರ?"

"ಯಾರೂ ಇಲ್ಲ, ಬ್ಯಾಟರಿ."

"ಹಂಗಾದ್ರೆ ಮಾತಾಡೋರು ಎಲ್ಲಿ ಕೂತಿರ್ತಾರೆ?"

"ದೂರದ ಊರಲ್ಲಿ."

"ಅಲ್ಲಿಂದ ನಂಗೆ ಕೂಲಿ ಇಲ್ಲದೆ ಹೊರಿಸ್ತಾರಲ್ಲ, ಭೇಷ್!"

ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಪೆಟ್ಟಿಗೆ ಇಳಿಸಿ, ಸಂಜೆಯ ಹೆಸರಿನ ಹೊತ್ತಿಗೆ ಕಾದೆವು. ಕೂಗು ಬಂತು. ಅದರ ಹಿಂದೆ ಪಟಪಟ ಎಂಬ ಇನ್ನೊಂದು ಸದ್ದೂ ಇತ್ತು, ಅದು ಕೆಳಗಿನ ನಮ್ಮ ಎಂಜಿನ್ನಿನದು. ಒಂದು ಸದ್ದಿನೊಳಗಿಂದ ಇನ್ನೊಂದನ್ನು ಬೇರೆ ಮಾಡುವುದು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ಕೈಗೆ ಬಂದರೆ ಕಷ್ಟವಲ್ಲ. ಚೌಕಟ್ಟು ತಿರುಗಿಸಿದೆ. ಕೂಗು ಸಣ್ಣದಾಯಿತು, ಎಳೆಯಾಯಿತು, ಇಲ್ಲವಾಯಿತು. ಆ ಇಲ್ಲದ ಕ್ಷಣ ಎಷ್ಟು ಚೆನ್ನಾಗಿತ್ತು ಎಂದರೆ ಮತ್ತೆ ಮತ್ತೆ ತಿರುಗಿಸಿದೆ. ಹೆಸರು ಕೇಳಿಸಿಕೊಳ್ಳಬೇಕಿತ್ತು ಎಂಬುದು ಮರೆತೇ ಹೋಯಿತು.

ಗೂಟ ನೆಟ್ಟು ನೋಡಿದೆ. ಅಂಗಳದ ಗೆರೆಯೂ ಕಣದ ಗೆರೆಯೂ ಕೂಡುವುದು ಒಂದೇ ಕಡೆ. ಮರಗಳ ಸಂದಿಯಲ್ಲಿ ಮೊದಲ ಸಲ ಕಂಡ ಚಿಕ್ಕಮಾವನ ಮನೆಯ ಅಟ್ಟ.

"ಎಂತ ಸಣ್ಣಮ್ಮಾರೆ, ಮುಖ ಸುಣ್ಣ ಆಯ್ತು?" ಎಂದಳು ಹುಚ್ಚಮ್ಮ.

ಗೂಟ ಕಿತ್ತು ಎಸೆದೆ. ಮನೆಯಲ್ಲಿ ಮಾವ ಅತ್ತೆಯ ಮೂಲಕ ಕೇಳಿದರು. ಇನ್ನೊಂದು ದಿನ ನೋಡಬೇಕು ಎಂದು ಅತ್ತೆಯ ಮೂಲಕ ಹೇಳಿದೆ.

ನವೆಂಬರ್ ೧೭, ಬುಧವಾರ

ಹಳ್ಳ ದಾಟಿದೆ. ದಾಟಲು ಅಡ್ಡ ಹಾಕಿದ್ದ ಸಂಕದ ಮರ ಮುರಿದು ಎಷ್ಟೋ ವರ್ಷವಾಗಿದೆ, ಯಾರೂ ಹಾಕಿಸಿಲ್ಲ. ಸೀರೆ ಎತ್ತಿಕೊಂಡು ನೀರಿಗಿಳಿದೆ. "ನಾನು ನೋಡಲಿಲ್ಲ, ನೀವು ಹೋಗಲಿಲ್ಲ" ಎನ್ನುತ್ತ ಹುಚ್ಚಮ್ಮ ದಡದಲ್ಲೇ ಕೂತು ಎಲೆಯಡಿಕೆ ಹಾಕಿದಳು.

ಬಾಗಿಲು ತೆಗೆದವರು ಚಿಕ್ಕತ್ತೆ ರಂಗಮ್ಮ. ನನ್ನನ್ನು ಮೊದಲ ಸಲ ನೋಡಿದ್ದು. ಯಾರೆಂದು ಕೇಳಲಿಲ್ಲ. "ಓಂಕಾರನ ಹೆಂಡ್ತಿ ಅಲ್ವಾ ನೀನು? ಬಡಕಲಾಗಿದೀಯ. ಅಕ್ಕ ಊಟ ಹಾಕೋದಿಲ್ವಾ?" ಎಂದರು.

ಏನು ಹೇಳಬೇಕೆಂದು ಹಳ್ಳದಲ್ಲೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ಒಂದೂ ಬರಲಿಲ್ಲ. ಅಟ್ಟದ ಕಡೆ ಬೆರಳು ತೋರಿಸಿದೆ.

ಅಟ್ಟದಲ್ಲಿ ಒಂದು ಹಲಗೆ, ಅದರ ಮೇಲೆ ತಂತಿ, ಸುರುಳಿ, ಎರಡು ಗುಂಡಿ. ಹೆಡ್‌ಫೋನು ಹಾಕಿ ಕೂತಿದ್ದ ಚಿಕ್ಕಮಾವ ನನ್ನನ್ನು ಕಂಡು ಕಳ್ಳನ ಹಾಗೆ ಎದ್ದರು, ತಲೆ ಜಂತೆಗೆ ಬಡಿಯಿತು. ಅವರಿಗೆ ಮಕ್ಕಳಿಲ್ಲ. ನಮ್ಮ ಮನೆಯವರು ಐದು ವರ್ಷದವರೆಗೆ ಬೆಳೆದದ್ದು ಚಿಕ್ಕತ್ತೆಯ ಮಡಿಲಲ್ಲಂತೆ, ನನಗೆ ಯಾರೂ ಹೇಳಿರಲಿಲ್ಲ. ದೀಪಾವಳಿಗೆ ಈ ಪೆಟ್ಟಿಗೆ ಮಾಡಿಸಿದ್ದಾರೆ. ಅವರೂ ಅದೇ ರೇಡಿಯೋ ಹಿಡಿದು ಅದೇ ಹೆಸರು ಕಾಯುತ್ತಾರೆ. ಒಂದೂ ತಪ್ಪಿಹೋಗಬಾರದೆಂದು ಹೆಸರು ಶುರುವಾದ ಕೂಡಲೇ ಬಲಗಡೆ ಗುಂಡಿಯನ್ನು ತುದಿಗೆ ತಿರುಗಿಸುತ್ತಾರೆ. ತಿರುಗಿಸಿ ತೋರಿಸಿದರು, ಅದೇ ಊಂಯ್. ಹಾಗೆ ತಿರುಗಿಸಿದರೆ ಈ ಜಾತಿ ಪೆಟ್ಟಿಗೆ ಕೇಳುವುದರ ಜೊತೆಗೆ ತಾನೂ ಕೂಗುತ್ತದೆ. ಆ ಕೂಗು ನಮ್ಮ ದಂಡೆಯಲ್ಲಿ ಕೇಳುತ್ತದೆಂದು ನಾನು ಹೇಳುವವರೆಗೆ ಅವರಿಗೆ ಗೊತ್ತಿರಲಿಲ್ಲ.

"ಹೆಸರು ನಮಗೂ ಎಲ್ಲಿ ಕೇಳ್ತದೆ ಮಗಳೇ! ನಿಮ್ಮ ಮಾವನ ಎಂಜಿನ್ ಇಲ್ಲೇ ಕೆಳಗಿದೆಯಲ್ಲ. ಬರೀ ಪಟಪಟ, ಹುರಿದ ಹಾಗೆ. ನನ್ನ ಮೇಲಿನ ಹಟಕ್ಕೇ ಆ ಹೊತ್ತಿಗೆ ತಿರುಗಿಸ್ತಾನೆ. ಹೋದ ವಾರ ಒಂದು ಸಂಜೆ ಯಾಕೋ ನಿಂತಿತ್ತು. ಅವತ್ತು ಎಷ್ಟು ಸ್ವಚ್ಛ ಇತ್ತು!" ಎಂದರು ಚಿಕ್ಕಮಾವ.

"ಇದನ್ನು ಮಾಡಿಕೊಟ್ಟವರು ಯಾರು?" ಎಂದೆ.

"ಚಿಕ್ಕಮಗಳೂರಿನೋನು, ಗುರುವಯ್ಯ ಅಂತ. ಯಾರಿಗೂ ಹೇಳಬೇಡಿ ಅಂತ ಆಣೆ ಹಾಕಿಸಿಕೊಂಡ."

ನಗು ಬಂದುಬಿಟ್ಟಿತು. ತಡೆಯಲು ಆಗಲಿಲ್ಲ. ಅಪರಿಚಿತರ ಮನೆಯ ಅಟ್ಟದಲ್ಲಿ, ಹಿರಿಯರ ಎದುರು. ಚಿಕ್ಕತ್ತೆ ಗಾಬರಿಯಾಗಿ ಬೆಲ್ಲ ನೀರು ತಂದರು. ಅದನ್ನು ಕುಡಿದು ಮಾವ ಅಮಲ್ದಾರರ ವಿಷಯ ಆಡಿದ್ದನ್ನು ಹೇಳಿದೆ. ಚಿಕ್ಕಮಾವ ಜೈಲಿನ ಬಗ್ಗೆ ಏನೂ ಕೇಳಲಿಲ್ಲ. "ಪೆಟ್ಟಿಗೆ ಒಯ್ದುಬಿಡ್ತಾರಾ?" ಎಂದರು.

ನವೆಂಬರ್ ೧೮, ಗುರುವಾರ

ಮಾವ ಇವತ್ತು ನೇರವಾಗಿ ನನ್ನನ್ನೇ ಕೇಳಿದರು. "ಎಲ್ಲಿ ಕೂಡ್ತು ಗೆರೆ?"

"ಹಳ್ಳದ ದಂಡೆಯ ಕರಿಬಂಡೆಯಲ್ಲಿ" ಎಂದೆ. "ಅದರ ಹೊಟ್ಟೆಯಲ್ಲಿ ಕಬ್ಬಿಣ ಇದೆ. ಪಕ್ಕದಲ್ಲೇ ಎಂಜಿನ್ ತಿರುಗ್ತದಲ್ಲ, ಅದಕ್ಕೆ ಬಂಡೆ ಕೂಗ್ತದೆ. ಹೆಸರಿನ ಹೊತ್ತಿಗೆ ಅರ್ಧ ಗಂಟೆ ಎಂಜಿನ್ ನಿಲ್ಲಿಸಿದರೆ ಸರಿಹೋಗ್ತದೆ."

"ಅವತ್ತು ಇಡೀ ಸಂಜೆ ನಿಲ್ಲಿಸಿದ್ವಲ್ಲ? ಕೂಗು ಹೋಗಲಿಲ್ವಲ್ಲ?"

ನನಗೆ ಇದು ಹೊಳೆದಿರಲಿಲ್ಲ. ಆಗ ಹೊರಕೋಣೆಯಿಂದ ಕಂಬಳಿಯೊಳಗಿನ ದನಿ ಬಂತು. "ಕಬ್ಬಿಣದ ಬಂಡೆ ಒಂದೇ ದಿನಕ್ಕೆ ಆರೋದಿಲ್ಲ ಸಾವ್ಕಾರ್ರೆ! ದಿನಾ ನಿಲ್ಲಿಸಬೇಕು. ತಾಯಿ ಹೇಳಿದ್ದು ನೂರಕ್ಕೆ ನೂರು ಸರಿ!"

ಗುರುವಯ್ಯನ ಜ್ವರ ಅಲ್ಲಿಗೆ ಬಿಟ್ಟಿತು. ಮಧ್ಯಾಹ್ನ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡು, ಸಂಜೆ ಬಸ್ಸಿಗೆ ಹೋದ. ಹೋಗುವಾಗ ನನಗೆ ದೂರದಿಂದಲೇ ಕೈ ಮುಗಿದ. ಕ್ವಿನೈನ್ ನಿಜಕ್ಕೂ ಒಳ್ಳೆಯ ಔಷಧ.

ಸುಳ್ಳು ಹೇಳಿದ್ದಕ್ಕೆ ರಾತ್ರಿ ಅಳು ಬರಬಹುದೆಂದು ಕಾದೆ. ನಿದ್ದೆ ಬಂತು.

ನವೆಂಬರ್ ೨೨

ನಾಲ್ಕು ದಿನದಿಂದ ರೇಡಿಯೋ ಹಾಲಿನ ಹಾಗಿದೆ. ಈಚೆ ಎಂಜಿನ್ ನಿಲ್ಲುತ್ತದೆ, ಆಚೆ ಗುಂಡಿ ತುದಿಗೆ ಹೋಗುವುದಿಲ್ಲ. ಎರಡು ದಂಡೆಯಲ್ಲೂ ಎಲ್ಲರ ಹೆಸರೂ ಸ್ಪಷ್ಟವಾಗಿ ಕೇಳುತ್ತದೆ, ಅವರದೊಂದು ಬಿಟ್ಟು. ಕೂಗು ಇದ್ದಾಗ, ಹೆಸರು ಅದರಡಿ ಸಿಕ್ಕಿಹೋಗಿರಬಹುದು ಎಂದು ಅತ್ತೆ ಸಮಾಧಾನ ಮಾಡಿಕೊಳ್ಳುತ್ತಿದ್ದರು. ಈಗ ಅದೂ ಇಲ್ಲ.

ಮಾವ ಬಂಡೆಯ ವಿಷಯ ಅತ್ತಿಗುಂಡಿಯ ನೆಂಟರವರೆಗೂ ಹೇಳಿಯಾಗಿದೆ. ನೋಡಲು ಜನ ಬರುತ್ತಾರೆ. ಯಾರೋ ಅರಿಶಿನ ಕುಂಕುಮ ಹಚ್ಚಿದ್ದಾರೆ.

ನವೆಂಬರ್ ೩೦, ಮಂಗಳವಾರ

ನಿನ್ನೆಯದನ್ನು ಬರೆಯಬೇಕು.

ನಮ್ಮ ರೇಡಿಯೋದ ಬ್ಯಾಟರಿ ಇಳಿದು ಚಾರ್ಜಿಗೆಂದು ಜವರಯ್ಯ ಮೂಡಿಗೆರೆಗೆ ಒಯ್ದಿದ್ದ, ಇವತ್ತು ಬರಬೇಕಿತ್ತು. ಒಂದು ಸಂಜೆ ತಪ್ಪಿದರೆ ಎಂಬ ಭಯಕ್ಕೆ, ಬಂಡೆ ಆರಿದೆಯೋ ನೋಡಿ ಬರುತ್ತೇನೆ ಎಂದು ಹೇಳಿ ಹುಚ್ಚಮ್ಮನ ಜೊತೆ ಹೊರಟೆ. ನಡುವೆ ಅತ್ತೆ ಇಲ್ಲದೆ ಮಾವನಿಗೇ ಹೇಳಿದೆ, ಈಗ ನೆನಪಾಗುತ್ತಿದೆ.

ಚಿಕ್ಕಮಾವ ಹೆಡ್‌ಫೋನನ್ನು ಬಿಡಿಸಿ ಒಂದು ಬಿಲ್ಲೆ ನನಗೆ ಕೊಟ್ಟು ಇನ್ನೊಂದನ್ನು ತಮ್ಮ ಕಿವಿಗೆ ಒತ್ತಿಕೊಂಡರು. ಪಂಜಾಬಿನವರ ಹೆಸರು, ಮದರಾಸಿನವರ ಹೆಸರು. ಆಮೇಲೆ ಮೈಸೂರು ಎಂಬ ಮಾತು, ಮೂಡಿಗೆರೆ ಎಂಬ ಮಾತು, ಮಾವನ ಹೆಸರು, ಅವರ ಹೆಸರು.

ಚಿಕ್ಕಮಾವ ಏಣಿ ಇಳಿದದ್ದು ನಾನು ನೋಡಲಿಲ್ಲ. ಕೆಳಗೆ ಬಂದು ನೋಡಿದರೆ ಅವರು ಆಗಲೇ ಹಳ್ಳದ ನಡುವೆ ಇದ್ದರು, ಪಂಚೆಯೆಲ್ಲ ಒದ್ದೆ. ನಾನೂ ಓಡಿದೆ. ಅವರು ಏಳು ವರ್ಷ ತುಳಿಯದ ಅಂಗಳದಲ್ಲಿ ನಿಂತು ಕೂಗಿದರು. "ಅಣ್ಣಯ್ಯ! ಓಂಕಾರ ಬದುಕಿದಾನೆ! ಈಗ ಹೆಸರು ಬಂತು!"

ಅತ್ತೆ ಕಂಬ ಹಿಡಿದುಕೊಂಡರು. ಮಾವ ಎದ್ದು ನಿಂತರು. ಆಮೇಲೆ ಮೆಲ್ಲಗೆ, "ಎಲ್ಲಿ ಬಂತು? ನಮ್ಮ ಬ್ಯಾಟರಿ ಮೂಡಿಗೆರೆಲಿದೆ. ನಿನಗೆ ಹೇಗೆ ಗೊತ್ತು?" ಎಂದರು.

ಚಿಕ್ಕಮಾವ ನನ್ನ ಕಡೆ ತಿರುಗಿದರು. ಪಕ್ಕದಲ್ಲಿ ಕೂಲಿ ಬಟವಾಡೆಗೆ ಬಂದ ಆಳುಗಳು, ಅಂಗಳದ ತುಂಬ ಕಿವಿಗಳು. ನಾನು ನಡುವೆ ಬಾಯಿ ಹಾಕಿದೆ. "ಕೇಳಿದ್ದು ನಾನು, ಮಾವ."

"ಏನು ಕೇಳಿದೆ? ಸರಿಯಾಗಿ ಹೇಳು. ಯಾರ ಹೆಸರು?"

"ಓಂಕಾರಮೂರ್ತಿ. ತಂದೆ ತಿಮ್ಮಪ್ಪ. ಮೂಡಿಗೆರೆ" ಎಂದೆ.

ಹುಚ್ಚಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅತ್ತೆ ಕಂಬ ಬಿಟ್ಟು, "ಅಯ್ಯಯ್ಯೋ, ಗಂಡನ ಹೆಸರು ಹೇಳಿಬಿಟ್ಟಳಲ್ಲೇ! ಬಾಯಿ ತುಂಬ, ಗಂಡಸರ ಎದುರು! ಬದುಕಿದಾನೆ ಅಂತ ಗೊತ್ತಾದ ಗಳಿಗೆಲೇ ಅವನ ಆಯಸ್ಸು ಕಡಿಮೆ ಮಾಡಿದಳಲ್ಲೇ!" ಎಂದರು. ಒಬ್ಬಳು ಆಳು ಉಗುಳಿ ದೃಷ್ಟಿ ತೆಗೆದಳು. ಮಂಜುನಾಥನಿಗೆ ಹರಕೆ ಹೇಳಬೇಕೆಂದು ಒಬ್ಬರು, ಕಳಸದ ಕಳಸೇಶ್ವರನಿಗೇ ಎಂದು ಇನ್ನೊಬ್ಬರು. ದೀಪ ಹಚ್ಚುವ ಹೊತ್ತಿನವರೆಗೂ ಅದೇ ಗದ್ದಲ. ಯಾವ ಪೆಟ್ಟಿಗೆ, ಎಲ್ಲಿಯ ಪೆಟ್ಟಿಗೆ ಎಂದು ಒಬ್ಬರೂ ಕೇಳಲಿಲ್ಲ. ಊಂಯ್ ಎಂಬ ಕೂಗಿನಲ್ಲೂ ಇಷ್ಟು ಚೆನ್ನಾಗಿ ಮಾತು ಮುಳುಗಿರಲಿಲ್ಲ.

ಮಾವ ಮಾತ್ರ ಗದ್ದಲದಲ್ಲಿ ಸೇರಲಿಲ್ಲ. ಚಿಕ್ಕಮಾವನ ಎಡಗಿವಿ ನೋಡಿದರು. ಅದರ ಸುತ್ತ ಬಿಲ್ಲೆ ಒತ್ತಿದ ಕೆಂಪು ಗುರುತು ಬಳೆಯ ಹಾಗೆ ಇತ್ತು. ಆಮೇಲೆ ನನ್ನ ಬಲಗಿವಿ ನೋಡಿದರು. ನಾನು ಸೆರಗು ಎಳೆದುಕೊಂಡೆ.

"ಆ ಬಂಡೆಯಲ್ಲೇ ಕೇಳಿರಬೇಕು" ಎಂದರು ಎಲ್ಲರಿಗೂ ಕೇಳುವ ಹಾಗೆ. "ಕಬ್ಬಿಣದ ಬಂಡೆ. ಹತ್ತಿರ ಕಿವಿ ಇಟ್ಟರೆ ಕೇಳಿಸ್ತದೆ." ತಮ್ಮನ ಕಡೆ ತಿರುಗಿ, "ಒದ್ದೆಲಿ ನಿಂತಿದೀಯಲ್ಲ. ಒಳಗೆ ಬಾ. ಕಾಲುವೆ ವಿಷಯ ಬೇರೆ, ಅದನ್ನ ನಾನು ಬಿಡೋದಿಲ್ಲ."

"ನಾನೂ ಬಿಡೋದಿಲ್ಲ" ಎಂದು ಚಿಕ್ಕಮಾವ ಒಳಗೆ ಬಂದರು.

ಪಾಪ, ಮಾವ ಬಂಡೆಯನ್ನು ಅಷ್ಟೊಂದು ನಂಬಿದ್ದಾರೆ.

ಡಿಸೆಂಬರ್ ೧, ಬುಧವಾರ

ನಾನು ಹೆಸರು ಹೇಳಿದ ದೋಷಕ್ಕೆ ಐದು ಸೋಮವಾರ ಒಪ್ಪೊತ್ತು ಇರಬೇಕೆಂದು ತೀರ್ಮಾನವಾಗಿದೆ. ಇರುತ್ತೇನೆ. ಮತ್ತೆ ಹೇಳುವುದಿಲ್ಲ ಎಂದು ಆಣೆ ಮಾಡು ಎಂದರು ಅತ್ತೆ. ಅವರು ಬಂದ ಮೇಲೆ ಕೇಳಿ ಮಾಡುತ್ತೇನೆ ಎಂದೆ. ಅವರ ಮುಖ ಈಗಲೂ ಸರಿಯಾಗಿ ನೆನಪಿಲ್ಲ. ಬಂದಾಗ ನೋಡಿದರಾಯಿತು. ಅವರೂ ನನ್ನನ್ನು ನೋಡಲಿ.

ಬೆಳಗ್ಗೆ ಒಳಗೆ ಬೆಳಕು ಸಾಲದೆಂದು ಮೊರ ತೆಗೆದುಕೊಂಡು ಹೋಗಿ ಜಗಲಿಯಲ್ಲಿ ಕೂತು ಅಕ್ಕಿ ಆರಿಸಿದೆ. ಮಾವ ಅಲ್ಲೇ ಇದ್ದರು. ಅತ್ತೆ ಏನೋ ಹೇಳಲು ಬಂದವರು ಹೇಳಲಿಲ್ಲ, ನನಗೆ ಬಿಸಿಲು ಬೀಳುವ ಹಾಗೆ ಸ್ವಲ್ಪ ಸರಿದು ಕೂತರು. ಅಕ್ಕಿಯಲ್ಲಿ ಈ ಸಲ ಕಲ್ಲು ಬಹಳ.